ಚಳಿಗಾಲದ ಮುಂಜಾನೆ ಏಳದ ಕಂಪ್ಯೂಟರ್: ನನ್ನ ಅನುಭವ

ಕಡಲೆಕಾಯಿ ಪರಿಷೆ ಮುಗಿದ ವಾರವೇ ನನ್ನ ಕಂಪ್ಯೂಟರ್ ಮೊದಲ ಸಲ ಕೈಕೊಟ್ಟಿತು. ಹನುಮಂತನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುವುದು ನನ್ನ ಕಸುಬು. ಕಾರ್ತಿಕ ಮಾರ್ಗಶಿರಗಳಲ್ಲಿ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಆ ದಿನ ಬೆಳಿಗ್ಗೆ ಆರೂವರೆಗೆ ಪವರ್ ಬಟನ್ ಒತ್ತಿದಾಗ ಫ್ಯಾನುಗಳೆಲ್ಲ ತಿರುಗಿದವು, ಆದರೆ ಕೀಬೋರ್ಡಿನ ದೀಪ ಬರಲಿಲ್ಲ, ಮಾನಿಟರು ಸಿಗ್ನಲ್ ಇಲ್ಲವೆಂದು ತೋರಿಸಿ ಕಪ್ಪಾಯಿತು. ಬಟನ್ನನ್ನು ಐದು ಸೆಕೆಂಡು ಒತ್ತಿ ಹಿಡಿದು ಆರಿಸಿ, ಮತ್ತೆ ಒತ್ತಿದರೆ ಏನೂ ನಡೆದೇ ಇಲ್ಲವೆಂಬಂತೆ ವಿಂಡೋಸ್ ತೆರೆದುಕೊಂಡಿತು. ಆಮೇಲೆ ರಾತ್ರಿಯವರೆಗೂ ಒಂದು ತೊಡಕಿಲ್ಲ. ಮರುದಿನ ಸರಿಯಾಗಿತ್ತು, ಅದರ ಮರುದಿನ ಮೂರು ಸಲ ಒತ್ತಬೇಕಾಯಿತು.

ಯಂತ್ರದ ಜಾತಕವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೊಸೆಸರ್ 2019ರಲ್ಲಿ ಮಾರುಕಟ್ಟೆಗೆ ಬಂದ ರೈಜೆನ್ 5 3600. ಆರು ಕೋರ್, ಮೂಲ ವೇಗ 3.6 ಗಿಗಾಹರ್ಟ್ಸ್, ತಾನಾಗಿ ಏರಿಕೊಂಡರೆ 4.2ರವರೆಗೆ. ನಾನು ಆರೂ ಕೋರುಗಳನ್ನು 1.3 ವೋಲ್ಟಿನಲ್ಲಿ 4.2ಕ್ಕೇ ನಿಲ್ಲಿಸಿದ್ದೆ. ರ‍್ಯಾಮ್ ಡಿಡಿಆರ್4, ತಲಾ 8 ಜಿಬಿಯ ನಾಲ್ಕು ಕಡ್ಡಿಗಳು: ಎರಡು ಕಂಪ್ಯೂಟರ್ ಕಟ್ಟಿದಾಗ ಕೊಂಡವು, ಇನ್ನೆರಡು ಎರಡು ವರ್ಷಗಳ ನಂತರ ಅದೇ ಮಾದರಿ ಸಂಖ್ಯೆ ನೋಡಿ ತಂದು ಸೇರಿಸಿದವು. ನಾಲ್ಕನ್ನೂ ಎಕ್ಸ್‌ಎಂಪಿ ಪ್ರೊಫೈಲಿನ ಮೂಲಕ 3600ರ ವೇಗದಲ್ಲಿ, 1.35 ವೋಲ್ಟಿನಲ್ಲಿ ಓಡಿಸುತ್ತಿದ್ದೆ. ಎಕ್ಸ್‌ಎಂಪಿ ಎಂಬುದು ಕಡ್ಡಿಯ ತಯಾರಕರೇ ಬರೆದಿಟ್ಟ ವೇಗ, ವೋಲ್ಟೇಜುಗಳ ಪ್ರೊಫೈಲ್ ಆದ್ದರಿಂದ ಅದನ್ನು ಓವರ್‌ಕ್ಲಾಕ್ (ನಿಗದಿತ ವೇಗ ಮೀರಿ ಓಡಿಸುವುದು) ಎಂದೇ ನಾನು ಎಣಿಸಿರಲಿಲ್ಲ. ನನ್ನ ತಪ್ಪುಗಳ ಸರಣಿ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲ ಅನುಮಾನ ಕಂಪ್ಯೂಟರಿಗೆ ಕರೆಂಟು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ ಹೋಯಿತು. ಅದಕ್ಕೆ ಆರು ವರ್ಷವಾಗಿತ್ತು, ಬೆಳಗಿನ ಹೊತ್ತಿಗೆ ತಣ್ಣಗಿರುವ ಹಳೆಯ ಕೆಪಾಸಿಟರುಗಳು ಸೋಮಾರಿಗಳಾಗುತ್ತವೆಂಬ ಮಾತನ್ನು ಕೇಳಿದ್ದೆ. ಮಲ್ಟಿಮೀಟರ್ ಹಿಡಿದು ನೋಡಿದರೆ 12 ವೋಲ್ಟಿನ ತಂತಿಯಲ್ಲಿ 12.08, 5 ವೋಲ್ಟಿನದರಲ್ಲಿ 5.03 ಇತ್ತು. ಎಟಿಎಕ್ಸ್ ನಿಯಮದಂತೆ ಶೇಕಡಾ 5ರಷ್ಟು ಏರುಪೇರಿಗೆ, ಅಂದರೆ 11.40ರಿಂದ 12.60ರವರೆಗೆ, ಅವಕಾಶವಿದೆ, ಆದ್ದರಿಂದ ಅಳತೆಯಲ್ಲಿ ಕುಂದೇನೂ ಕಾಣಲಿಲ್ಲ. ಆದರೆ ಕ್ಷಣಾರ್ಧದ ಕುಸಿತವನ್ನಾಗಲಿ, ವೋಲ್ಟೇಜಿನ ಸಣ್ಣ ಅಲೆಗಳನ್ನಾಗಲಿ ಮಲ್ಟಿಮೀಟರ್ ಹಿಡಿಯಲಾರದು. ಆ ನೆವ ಹೇಳಿಕೊಂಡು ಎಸ್‌.ಪಿ. ರಸ್ತೆಗೆ ಹೊರಟೆ. ಅಂಗಡಿಯಾತ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಓವರ್‌ಕ್ಲಾಕ್ ತೆಗೆದು ನೋಡಿದ್ರಾ?” ಇಪ್ಪತ್ನಾಲ್ಕು ಗಂಟೆ ಪ್ರೈಮ್95 ಎಂಬ ಕಠಿಣ ಪರೀಕ್ಷೆಯ ತಂತ್ರಾಂಶ ಓಡಿಸಿ ಗೆದ್ದ ಯಂತ್ರವೆಂದು ನಾನು ತುಸು ಗತ್ತಿನಿಂದಲೇ ಉತ್ತರಿಸಿದೆ. ಆತ ಮುಂದೆ ಮಾತಾಡದೆ ಬಿಲ್ ಬರೆದ.

ಹೊಸ ಎಸ್‌ಎಂಪಿಎಸ್ ಕೂರಿಸಿದ ಮೇಲೆ ನಾಲ್ಕು ದಿನ ಕಂಪ್ಯೂಟರ್ ಒಂದೇ ಒತ್ತಿಗೆ ಎದ್ದಿತು. ಗೆದ್ದೆನೆಂದುಕೊಂಡೆ. ಐದನೆಯ ದಿನ ರೆಂಡರ್ ಯಾಕೋ ನಿಧಾನವೆನಿಸಿ ಟಾಸ್ಕ್ ಮ್ಯಾನೇಜರ್ ತೆರೆದರೆ ರ‍್ಯಾಮ್ ವೇಗ 2133 ಎಂದಿತ್ತು. ಆಗ ನೆನಪಾಯಿತು: ಎಸ್‌ಎಂಪಿಎಸ್ ಬದಲಿಸುವಾಗ, ಹೇಗೂ ಕ್ಯಾಬಿನೆಟ್ ಬಿಚ್ಚಿದ್ದೇನಲ್ಲ ಎಂದು ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಯನ್ನು ತೆಗೆದು ಅಳೆದಿದ್ದೆ. ಅದು 3.05 ವೋಲ್ಟ್ ತೋರಿಸಿತ್ತು, ಗಟ್ಟಿಯಾಗಿಯೇ ಇತ್ತು. ಆದರೆ ಕರೆಂಟಿನ ಸಂಪರ್ಕವೂ ಇಲ್ಲದೆ ಬ್ಯಾಟರಿಯೂ ಇಲ್ಲದೆ ಕೆಲವು ನಿಮಿಷ ಕಳೆದದ್ದರಿಂದ, ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯೋಸ್‌ನ ಸೆಟ್ಟಿಂಗುಗಳೆಲ್ಲ ಅಳಿಸಿಹೋಗಿದ್ದವು. ಮೊದಲ ಬಾರಿ ಆನ್ ಮಾಡಿದಾಗ ಎಫ್1 ಒತ್ತು ಎಂದದ್ದಕ್ಕೆ ಒತ್ತಿ, ದಿನಾಂಕವನ್ನಷ್ಟೇ ತಿದ್ದಿ ಹೊರಬಂದಿದ್ದೆ. ಅಂದರೆ ನಾನು ಬದಲಿಸಿದ್ದು ಒಂದನ್ನಲ್ಲ, ಎರಡನ್ನು. ಮತ್ತು ಎರಡನೆಯದು ಬದಲಾಗಿದೆಯೆಂದೇ ನನಗೆ ಹೊಳೆದಿರಲಿಲ್ಲ. ಹಳೆಯ ಸೆಟ್ಟಿಂಗುಗಳನ್ನು ಮರಳಿ ಹಾಕಿದೆ. ಮೂರನೆಯ ಬೆಳಿಗ್ಗೆ ಮತ್ತದೇ ಕಪ್ಪು ಪರದೆ.

ಅಷ್ಟರಲ್ಲಿ ಧನುರ್ಮಾಸ ಕಾಲಿಟ್ಟಿತು. ಈ ತಿಂಗಳಲ್ಲಿ ಮದುವೆಗಳಿಲ್ಲ, ಆದ್ದರಿಂದ ನನಗೆ ಬಿಡುವು. ವರ್ಷದಲ್ಲಿ ಬೆಂಗಳೂರು ಬಲು ತಣ್ಣಗಿರುವ ದಿನಗಳೂ ಇವೇ, ಆದ್ದರಿಂದ ದೋಷಕ್ಕೆ ಹಬ್ಬ. ಗುಡ್ಡದ ಮೇಲಿನ ಕುಮಾರಸ್ವಾಮಿ ದೇವಸ್ಥಾನದ ಗಂಟೆ ಕೇಳುವ ಹೊತ್ತಿಗೆ ಎದ್ದು, ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯತೊಡಗಿದೆ: ದಿನಾಂಕ, ಕೋಣೆಯ ಉಷ್ಣಾಂಶ, ಎಷ್ಟು ಗಂಟೆಯಿಂದ ಆರಿಸಿತ್ತು, ಗೋಡೆಯ ಸ್ವಿಚ್ ಹಾಕಿತ್ತೋ ಇಲ್ಲವೋ, ಎಷ್ಟನೆಯ ಒತ್ತಿಗೆ ಎದ್ದಿತು, ಯಾವ ದೀಪ ನಿಂತಿತು.

ಕೊನೆಯ ಕಲಮಿನ ಬಗ್ಗೆ ಸ್ವಲ್ಪ ವಿವರಿಸಬೇಕು. ನನ್ನ ಮದರ್‌ಬೋರ್ಡಿನ ಬಲ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ನಾಲ್ಕು ದೀಪಗಳಿವೆ: ಸಿಪಿಯು, ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕಿನಿಂದ ಏಳುವುದು). ಆನ್ ಮಾಡಿದ ಕೂಡಲೇ ಬೋರ್ಡು ಒಂದೊಂದನ್ನೇ ಪರೀಕ್ಷಿಸುತ್ತ ಹೋದಂತೆ ಆಯಾ ದೀಪ ಬೆಳಗಿ ಆರುತ್ತದೆ. ಯಾವುದು ಆರದೆ ಉಳಿಯಿತೋ ಪರೀಕ್ಷೆ ಅಲ್ಲಿ ನಿಂತಿದೆ ಎಂದರ್ಥ. ಇಷ್ಟು ದಿನ ಕ್ಯಾಬಿನೆಟ್ಟಿನ ಆ ಬದಿ ಗೋಡೆಗೆ ಮುಖ ಮಾಡಿತ್ತು, ನಾನು ಕತ್ತು ಬಗ್ಗಿಸಿ ನೋಡಿಯೇ ಇರಲಿಲ್ಲ. ಪೆಟ್ಟಿಗೆಯನ್ನು ತಿರುಗಿಸಿಟ್ಟು ಮರುದಿನ ಒತ್ತಿದರೆ, ಸಿಪಿಯುವಿನ ಕೆಂಪು ದೀಪ ಬಂದು ಹೋಯಿತು, ಡಿರ‍್ಯಾಮಿನ ಹಳದಿ ದೀಪ ಬಂದು ಅಲ್ಲೇ ಕೂತಿತು. ವಿಂಡೋಸ್‌ನ ದೋಷಗಳ ದಾಖಲೆಯಾದ ಇವೆಂಟ್ ವ್ಯೂವರ್‌ನಲ್ಲಿ ಈ ಸೋಲುಗಳ ಸುಳಿವೇ ಏಕೆ ಇರಲಿಲ್ಲವೆಂಬುದಕ್ಕೂ ಇದರಿಂದ ಉತ್ತರ ಸಿಕ್ಕಿತು: ಯಂತ್ರ ಡಿಸ್ಕನ್ನು ಮುಟ್ಟುವ ಹಂತಕ್ಕೇ ತಲುಪುತ್ತಿರಲಿಲ್ಲ, ಬರೆದಿಡುವವರು ಯಾರು? ವಿಂಡೋಸ್ ಲಾಂಛನ ಕಂಡ ಮೇಲೆ ನಿಲ್ಲುವ ಯಂತ್ರದ ರೋಗ ಬೇರೆ, ಪರದೆಗೆ ಬೆಳಕೇ ಬಾರದ ಯಂತ್ರದ ರೋಗ ಬೇರೆ. ಎಲ್ಲಿ ನಿಂತಿತು ಎಂಬ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಿದ್ದರೆ ಎಸ್‌ಎಂಪಿಎಸ್ ದುಡ್ಡು ಉಳಿಯುತ್ತಿತ್ತು.

ಒಂಬತ್ತು ದಿನಗಳ ಬರಹ ನೋಡಿದಾಗ ಎರಡು ಸಂಗತಿಗಳು ಎದ್ದು ಕಂಡವು. ಆರು ಗಂಟೆಗಿಂತ ಹೆಚ್ಚು ಹೊತ್ತು ಆರಿಸಿಟ್ಟು, ಕೋಣೆ 22 ಡಿಗ್ರಿಗಿಂತ ತಣ್ಣಗಿದ್ದಾಗ ಮಾತ್ರ ಸೋಲು ಬರುತ್ತಿತ್ತು. ಮಲಗುವ ಮುನ್ನ ಮನೆಯ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಅಮ್ಮನ ಅಭ್ಯಾಸ. ಅದೇ ಕಾರಣವಿರಬಹುದೆಂದು “ಇದೊಂದನ್ನು ಬಿಟ್ಟುಬಿಡಿ ಅಮ್ಮ” ಎಂದು ಕೇಳಿಕೊಂಡಿದ್ದೆ. ಸ್ವಿಚ್ ಹಾಕಿಟ್ಟ ದಿನಗಳಲ್ಲೂ ಹಳದಿ ದೀಪ ನಿಂತದ್ದರಿಂದ ಅವರ ಮೇಲಿನ ಆರೋಪವನ್ನು ಹಿಂತೆಗೆದುಕೊಂಡೆ. ಇನ್ನೊಂದು ಸಂಗತಿ, ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿದಾಗ ಒಮ್ಮೆಯೂ ತಪ್ಪಿರಲಿಲ್ಲ. ಹಿಂದೊಂದು ಮಧ್ಯಾಹ್ನ ಐವತ್ತು ಸಲ ರೀಸ್ಟಾರ್ಟ್ ಮಾಡಿ ಎಲ್ಲ ಸರಿಯಿದೆಯೆಂದು ತೀರ್ಮಾನಿಸಿದ್ದು ಎಂತಹ ದಡ್ಡತನವೆಂದು ಆಗ ತಿಳಿಯಿತು. ಬಿಸಿಯಾಗಿರುವ, ಕರೆಂಟು ಕಡಿಯದ ಯಂತ್ರವನ್ನು ಐವತ್ತು ಸಲವಲ್ಲ, ಐನೂರು ಸಲ ಎಬ್ಬಿಸಿದರೂ ಅದು ತಣ್ಣನೆಯ ಬೆಳಗಿನ ಒಂದು ಏಳುವಿಕೆಗೆ ಸಮನಾಗುವುದಿಲ್ಲ.

ಕಾರಣವನ್ನು ಹೀಗೆ ಬಿಡಿಸಿ ಹೇಳಬಹುದು. ತಣ್ಣಗೆ ಆನ್ ಮಾಡಿದಾಗ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಪ್ರತಿಯೊಂದು ಕಡ್ಡಿಯ ಜೊತೆಗೂ ಒಂದು ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಇದನ್ನು ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಗೊತ್ತಿರುವ ಒಂದು ಮಾದರಿಯನ್ನು ಬರೆದು, ಓದಿ, ಸಂಕೇತವನ್ನು ತುಸು ಮುಂದೆ, ತುಸು ಹಿಂದೆ ಸರಿಸಿ, ಯಾವ ಅಂತರದಲ್ಲಿ ತಪ್ಪಿಲ್ಲದೆ ಓದಲಾಗುತ್ತದೋ ಅದರ ನಡುಭಾಗವನ್ನು ಅದು ಹಿಡಿದುಕೊಳ್ಳುತ್ತದೆ. 3600ರ ವೇಗದಲ್ಲಿ ಒಂದು ಬಿಟ್‌ಗೆ ಸಿಗುವ ಕಾಲ ಸುಮಾರು 0.28 ನ್ಯಾನೊಸೆಕೆಂಡ್, ಅಷ್ಟರಲ್ಲಿ ಬೆಳಕು ಗಾಳಿಯಲ್ಲಿ ಕ್ರಮಿಸುವುದು ಎಂಟು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಪ್ರೊಸೆಸರಿನಿಂದ ಕಡ್ಡಿಗಳಿಗೆ ಹೋಗುವ ಒಂದು ದಾರಿಗೆ, ಅಂದರೆ ಒಂದು ಚಾನೆಲ್ಲಿಗೆ, ಒಂದರ ಬದಲು ಎರಡು ಕಡ್ಡಿಗಳನ್ನು ನೇತುಹಾಕಿದರೆ ಸಂಕೇತದ ಮೇಲೆ ಹೊರೆ ಹೆಚ್ಚಿ, ಆ ಕಿರಿದಾದ ಕಿಂಡಿ ಇನ್ನಷ್ಟು ಕಿರಿದಾಗುತ್ತದೆ. ಉಷ್ಣಾಂಶದೊಂದಿಗೆ ಟ್ರಾನ್ಸಿಸ್ಟರುಗಳ ವಿಳಂಬವೂ ತಂತಿಗಳ ರೋಧವೂ ಬದಲಾಗುವುದರಿಂದ, ಬೆಚ್ಚಗಿದ್ದಾಗ ದಾಟಿದ ಕಿಂಡಿಯನ್ನು ತಣ್ಣಗಿದ್ದಾಗ ದಾಟಲಾಗದೆ ಹೋಗಬಹುದು. ಪ್ರೈಮ್95, ಮೆಮ್‌ಟೆಸ್ಟ್ ಮೊದಲಾದವು ಪರೀಕ್ಷಿಸುವುದು ಈಗಾಗಲೇ ಎದ್ದು ನಿಂತ ಯಂತ್ರವನ್ನು; ಏಳುವ ಪರೀಕ್ಷೆಯೇ ಬೇರೆ, ಅದನ್ನು ನಾನು ಬರೆಸಿಯೇ ಇರಲಿಲ್ಲ.

ಆದರೂ ಊಹೆಯ ಮೇಲೆ ಇನ್ನೊಂದು ವಸ್ತು ಕೊಳ್ಳುವುದು ಬೇಡವೆಂದು ಕ್ರಮವಾಗಿ ಹೊರಟೆ. ನಾಲ್ಕು ದಿನ ಎಲ್ಲವನ್ನೂ ಡಿಫಾಲ್ಟಿನಲ್ಲಿಟ್ಟೆ. ಒಂದು ಸೋಲೂ ಇಲ್ಲ. ಮುಂದಿನ ನಾಲ್ಕು ದಿನ ಪ್ರೊಸೆಸರ್ ಮಾತ್ರ 4.2ಕ್ಕೆ, ರ‍್ಯಾಮ್ 2133ರಲ್ಲೇ; ಆಗಲೂ ಸೋಲಿಲ್ಲ. ಬಳಿಕ ಪ್ರೊಸೆಸರನ್ನು ಮೂಲಕ್ಕೆ ತಂದು ಎಕ್ಸ್‌ಎಂಪಿ ಒಂದನ್ನೇ ಹಾಕಿದೆ. ಎರಡನೆಯ ಬೆಳಿಗ್ಗೆಯೇ ಹಳದಿ ದೀಪ. ದಿನಕ್ಕೆ ಒಂದೇ ಪ್ರಯೋಗವೆಂದರೆ ತಾಳ್ಮೆ ಕೆಡುತ್ತದೆ. ಕಡ್ಡಿಗಳನ್ನು ಫ್ರಿಜ್ಜಿನಲ್ಲಿಟ್ಟು ತಣಿಸು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ. ಹೊರತೆಗೆದ ಕೂಡಲೇ ಅವುಗಳ ಮೇಲೆ ನೀರ ಹನಿ ಕಟ್ಟಿಕೊಳ್ಳುತ್ತದೆಂಬುದು ಅವನ ತಲೆಗೆ ಹೊಳೆಯಲಿಲ್ಲ. ನಾನು ಮಾಡಿದ್ದಿಷ್ಟೆ: ರಾತ್ರಿ ಹತ್ತಕ್ಕೆ ಆರಿಸಿ, ಸ್ವಿಚ್ ತೆಗೆದು, ಉಳಿದ ವಿದ್ಯುತ್ ಇಳಿಯಲೆಂದು ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ, ಕಿಟಕಿ ತೆರೆದು, ಬದಿಯ ಗಾಜು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟು, ಎರಡು ಗಂಟೆ ಕಳೆದ ಮೇಲೆ ಒಮ್ಮೆ ಒತ್ತಿ ನೋಡುತ್ತಿದ್ದೆ. ಹೀಗೆ ದಿನಕ್ಕೆ ಎರಡು ಪ್ರಯೋಗ ಸಾಧ್ಯವಾಯಿತು.

ನಂತರ ಹಳೆಯ ಜೋಡಿಯನ್ನು ಮಾತ್ರ ಎ2 ಮತ್ತು ಬಿ2 ಸ್ಲಾಟುಗಳಲ್ಲಿ, ಅಂದರೆ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಇಟ್ಟು 3600ರಲ್ಲಿ ಓಡಿಸಿದೆ; ಆರು ಪ್ರಯೋಗಗಳಲ್ಲಿ ಆರೂ ಸಲ ಎದ್ದಿತು. ಹೊಸ ಜೋಡಿ ಹಾಕಿದೆ. ಅದೂ ಆರಕ್ಕೆ ಆರು. ಕೆಟ್ಟ ಕಡ್ಡಿ ಇದೆಯೆಂದು ಹುಡುಕುತ್ತಿದ್ದವನಿಗೆ ಕಡ್ಡಿಗಳೆಲ್ಲ ಸಾಚಾ ಎಂಬ ಉತ್ತರ ಸಿಕ್ಕಿತು. ತಪ್ಪು ಇದ್ದದ್ದು ನಾಲ್ಕನ್ನೂ ಕೂಡಿಸಿ 3600 ಕೇಳುವುದರಲ್ಲಿ. ಈ ಪೀಳಿಗೆಯ ಪ್ರೊಸೆಸರಿಗೆ ಎಎಂಡಿ ಹೇಳಿರುವ ಮಿತಿ ಎರಡು ಕಡ್ಡಿಗಳಿಗೆ 3200, ಒಂದೇ ರ‍್ಯಾಂಕಿನ (ಚಿಪ್ಪುಗಳ ಒಂದೇ ಗುಂಪುಳ್ಳ) ನಾಲ್ಕು ಕಡ್ಡಿಗಳಿಗೆ 2933. ನಾನು ಆ ಮಿತಿಯ ಮೇಲೆ ಎಷ್ಟು ಹತ್ತಿದ್ದೇನೆಂಬುದನ್ನು ಲೆಕ್ಕ ಹಾಕಿದ್ದು ಅಂದೇ ಮೊದಲು.

ಛಲ ಬಿಡದೆ 3600ಕ್ಕೇ ಇನ್ನೊಂದು ಪ್ರಯತ್ನ ಮಾಡಿದೆ. ಆಟೋದಲ್ಲಿದ್ದ, ಮೆಮೊರಿ ಕಂಟ್ರೋಲರಿಗೆ ಹೋಗುವ ಎಸ್‌ಒಸಿ ವೋಲ್ಟೇಜನ್ನು 1.1ಕ್ಕೆ ನಿಲ್ಲಿಸಿ, ರ‍್ಯಾಮ್ ವೋಲ್ಟೇಜನ್ನು 1.38ಕ್ಕೆ ಏರಿಸಿದಾಗ ಐದರಲ್ಲಿ ನಾಲ್ಕು ಸೋಲುಗಳಿದ್ದದ್ದು ಐದರಲ್ಲಿ ಒಂದಕ್ಕೆ ಇಳಿಯಿತು. ಆಟಕ್ಕೆ ಕೂರುವವರಿಗೆ ಅಷ್ಟು ಸಾಕಿರಬಹುದು. ಸಂಜೆಯೊಳಗೆ ಹುಡುಗಿಯ ಮನೆಯವರಿಗೆ ಪೆನ್‌ಡ್ರೈವ್ ತಲುಪಿಸಬೇಕಾದ ನನಗೆ ಸಾಲದು. ಕೊನೆಗೆ ರ‍್ಯಾಮನ್ನು 3200ಕ್ಕೆ ಇಳಿಸಿ, ಟೈಮಿಂಗುಗಳನ್ನು (ಕಡ್ಡಿ ಉತ್ತರಿಸುವ ಮುನ್ನ ಕಾಯುವ ಗಡಿಯಾರದ ಮಿಡಿತಗಳನ್ನು) ಕೈಯಾರೆ 16-18-18-38 ಎಂದು ತುಂಬಿ, ವೋಲ್ಟೇಜನ್ನು 1.35ಕ್ಕೆ ಮರಳಿಸಿ, ಎಸ್‌ಒಸಿಯನ್ನು 1.1ರಲ್ಲೇ ಉಳಿಸಿದೆ. ಪ್ರೊಸೆಸರಿನ 4.2 ಹಾಗೆಯೇ ಮರಳಿತು, ಅದರದೇನೂ ತಪ್ಪಿರಲಿಲ್ಲ. ಮೆಮ್‌ಟೆಸ್ಟ್‌ನ ನಾಲ್ಕು ಸುತ್ತು ತಪ್ಪಿಲ್ಲದೆ ಮುಗಿದವು. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ನೋಟ್‌ಬುಕ್ಕಿನ ಕೊನೆಯ ಕಲಮು ಖಾಲಿ. ಇಪ್ಪತ್ತು ನಿಮಿಷದ ಒಂದೇ ವಿಡಿಯೊವನ್ನು ಎರಡೂ ವೇಗಗಳಲ್ಲಿ ರೆಂಡರ್ ಮಾಡಿ ನೋಡಿದೆ: 3600ರಲ್ಲಿ 11 ನಿಮಿಷ 40 ಸೆಕೆಂಡು, 3200ರಲ್ಲಿ 11 ನಿಮಿಷ 55 ಸೆಕೆಂಡು. ಇಷ್ಟೆಲ್ಲ ಬೆಳಗಿನ ಪರದಾಟ ಆ ಹದಿನೈದು ಸೆಕೆಂಡಿಗಾಗಿ.

ಏಪ್ರಿಲ್‌ನಲ್ಲಿ ಕೋಣೆ 31 ಡಿಗ್ರಿ ಇದ್ದಾಗ, ಕುತೂಹಲ ತಡೆಯದೆ ನಾಲ್ಕೂ ಕಡ್ಡಿಗಳನ್ನು ಹಳೆಯ ಎಕ್ಸ್‌ಎಂಪಿ ಪ್ರೊಫೈಲಿನಲ್ಲೇ 3600ಕ್ಕೆ ಏರಿಸಿ ಹತ್ತು ದಿನ ಬಿಟ್ಟೆ. ಹತ್ತೂ ಬೆಳಿಗ್ಗೆ ಒಂದೇ ಒತ್ತಿಗೆ ಎದ್ದಿತು. ಹನ್ನೊಂದನೆಯ ದಿನ 3200ಕ್ಕೆ ಇಳಿಸಿ, ಬಯೋಸ್‌ನಲ್ಲಿ ಉಳಿಸಿಟ್ಟುಕೊಂಡಿದ್ದ 3600ರ ಸೆಟ್ಟಿಂಗನ್ನು ಅಳಿಸಿಹಾಕಿದೆ.