ಎರಡು ಒಡ್ಡೋಲಗಕ್ಕೂ ಒಬ್ಬನೇ ದೂತ: ಉಪ್ಪಿನ ಮಂಜನನ್ನು ನಾನು ಕಟ್ಟಿದ ಬಗೆ

ಕೆಳದಿ ಅರಸರ ಕೊನೆಯ ರಾಜಧಾನಿಯಾದ ಬಿದನೂರು, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, 1763ರಲ್ಲಿ ಹೈದರಾಲಿಯ ವಶವಾದ ಕಥೆಯನ್ನು ಮಾಸಪತ್ರಿಕೆಯೊಂದಕ್ಕೆ ಕಾಮಿಕ್ಸ್ ಆಗಿ ಬರೆದು ಚಿತ್ರಿಸಲು ಒಪ್ಪಿಕೊಂಡಾಗ, ನನ್ನನ್ನು ಮೊದಲು ಹಿಡಿದು ನಿಲ್ಲಿಸಿದವರು ಆಗ ಬಿದನೂರನ್ನು ಆಳುತ್ತಿದ್ದ ರಾಣಿ ವೀರಮ್ಮಾಜಿಯೂ ಅಲ್ಲ, ಹೈದರನೂ ಅಲ್ಲ. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ರಾಜಧಾನಿಯನ್ನು ಹೊಗುವ ಗುಟ್ಟಿನ ದಾರಿಯನ್ನು ಹೈದರನಿಗೆ ತಿಳಿಸಿದನೆಂದು ಇತಿಹಾಸದಲ್ಲಿ ಬರುತ್ತದೆ. ಅವನನ್ನು ದ್ರೋಹಿ ಎಂದು ಕರೆದು ಮುಂದೆ ಸಾಗಬಹುದಿತ್ತು. ಆದರೆ ಕೊಲೆಯಾಗಿದ್ದಾನೆಂದು ಎಲ್ಲರೂ ನಂಬಿದ್ದ, ಗಾದಿಯ ಹಕ್ಕುದಾರ ಚೆನ್ನಬಸಪ್ಪನಾಯಕ ತಾನೇ ಎಂದು ಹೇಳಿಕೊಂಡ ತರುಣನೊಬ್ಬ ಆಗ ಹೈದರನ ಪಾಳೆಯದಲ್ಲಿದ್ದ. ರಾಣಿಯೇ ಅಧಿಕಾರಕ್ಕಾಗಿ ಆ ಹುಡುಗನನ್ನು ಕೊಲ್ಲಿಸಿದ್ದಳೆಂಬ ಮಾತು ನಾಡಿನಲ್ಲಿತ್ತು. ಹೀಗಿರುವಾಗ ಬಿದನೂರಿನ ಗಾದಿಗೆ ನಿಷ್ಠನಾದವನು ಯಾವ ಕಡೆ ನಿಲ್ಲಬೇಕಿತ್ತು ಎಂಬ ಪ್ರಶ್ನೆಗೆ ನನಗೆ ಇಂದಿಗೂ ನೇರವಾದ ಉತ್ತರವಿಲ್ಲ, ಮತ್ತು ಕಥೆಗೆ ಬೇಕಾದದ್ದೂ ಅದೇ.

ಲಿಂಗಣ್ಣನನ್ನೇ ನಾಯಕನನ್ನಾಗಿಸಿದರೆ ಮುಂದೇನೆಂಬುದು ಓದುಗರಿಗೆ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಹೊಸಂಗಡಿ ಘಾಟಿಯಲ್ಲಿ ಹೇರೆತ್ತುಗಳ ಮೇಲೆ ಮೆಣಸು, ಅಡಿಕೆ ಇಳಿಸಿ, ಬಸ್ರೂರಿನ ಕಡೆಯಿಂದ ಉಪ್ಪು ಹತ್ತಿಸುವ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಂಡು ಅವನಿಗೆ ಉಪ್ಪಿನ ಮಂಜ ಎಂದು ಹೆಸರಿಟ್ಟೆ. ಅರಮನೆಯ ಉಗ್ರಾಣಕ್ಕೂ ಅವನೇ ಬೇಕು, ಪಾಳೆಯದ ಅಡುಗೆಯವರಿಗೂ ಅವನೇ ಬೇಕು. ಯಾರೂ ಅವನನ್ನು ತಡೆದು ನಿಲ್ಲಿಸುವುದಿಲ್ಲ.

ಇವನ ನಡೆನುಡಿಯ ಮಾದರಿ ನನಗೆ ಸಿಕ್ಕಿದ್ದು ಯಕ್ಷಗಾನದ ಹಾಸ್ಯಗಾರನಲ್ಲಿ. ರಾತ್ರಿಯ ಆಟದಲ್ಲಿ ಒಂದು ಒಡ್ಡೋಲಗದ, ಎಂದರೆ ರಾಜಸಭೆಯ, ದೂತನಾಗಿ ಬಂದು ಒಡೆಯನನ್ನು ಹೊಗಳಿದ ಅದೇ ಹಾಸ್ಯಗಾರ, ಮುಂಡಾಸು ಬದಲಿಸಿ ಎದುರಾಳಿಯ ಒಡ್ಡೋಲಗಕ್ಕೂ ದೂತನಾಗಿ ಬರುತ್ತಾನೆ. ಪ್ರೇಕ್ಷಕರು ಅವನನ್ನು ಗುರುತಿಸಿ ನಗುತ್ತಾರೆಯೇ ಹೊರತು ಮೋಸವೆಂದು ಸಿಟ್ಟಾಗುವುದಿಲ್ಲ. ನಗಿಸುವವನನ್ನು ಜನ ಅನುಮಾನಿಸುವುದು ತಡವಾಗಿ. ಪಾಳೆಯದ ಸರದಾರ ‘ಏನೋ ಮಂಜ, ನೀನು ಯಾರ ಕಡೆಯವನೋ?’ ಎಂದು ಗದರಿಸುವ ಪುಟದಲ್ಲಿ ಮಂಜ ಹೀಗೆ ಹೇಳುತ್ತಾನೆ: ‘ಒಡೆಯಾ, ಅರಮನೆಯವರು ನನ್ನ ಉಪ್ಪು ತಿಂದವರು, ತಾವೂ ನಿನ್ನೆಯಿಂದ ನನ್ನ ಉಪ್ಪೇ ತಿನ್ನುತ್ತಿದ್ದೀರಿ. ಋಣ ಯಾರಿಗೆ ಯಾರದ್ದು ಅಂತ ತಾವೇ ಲೆಕ್ಕ ಹಾಕಿ ಹೇಳಬೇಕು.’ ಓದುಗರು ಈ ಮಾತಿಗೆ ನಕ್ಕು ಮುಂದೆ ಹೋದರು. ಅವನು ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿಲ್ಲವೆಂಬುದು ಅವರಿಗೆ ಹೊಳೆದದ್ದು ಮುಂದಿನ ಕಂತು ಬಂದ ಮೇಲೆ.

ಪಕ್ಷ ಬದಲಿಸುವ ಪಾತ್ರ ಓದುಗರನ್ನು ಬೆರಗುಗೊಳಿಸಬೇಕಾದರೆ ಆ ಪಾತ್ರದಲ್ಲಿ ಒಂದು ಸಂಗತಿ ಎಂದಿಗೂ ಬದಲಾಗಬಾರದು ಎಂಬುದು ನನ್ನ ನಂಬಿಕೆ. ಮಂಜನಲ್ಲಿ ಬದಲಾಗದೆ ಉಳಿದದ್ದು ಅವನ ಜೊತೆ ಘಟ್ಟ ಹತ್ತಿಳಿಯುವ ಆಳುಗಳ ಮೇಲಿನ ಹೊಣೆ. ಯಾವ ಕಡೆ ವಾಲಿದರೆ ಅವರು ಜೀವಸಹಿತ ಮನೆ ಸೇರುತ್ತಾರೋ ಆ ಕಡೆ ಅವನು ವಾಲುತ್ತಾನೆ. ಇದನ್ನು ನಾನು ಒಮ್ಮೆಯೂ ಮಾತಿನಲ್ಲಿ ಹೇಳಿಸಲಿಲ್ಲ. ಪಾತ್ರದ ಮನಸ್ಸಿನ ಮಾತನ್ನು ಮೋಡದಂಥ ಗುಳ್ಳೆಯೊಳಗೆ ಬರೆಯುವ ಪದ್ಧತಿ ಕಾಮಿಕ್ಸಿನಲ್ಲಿದೆ. ಉಳಿದವರಿಗೆಲ್ಲ ಅದನ್ನು ಬಳಸಿದೆ, ಮಂಜನಿಗೆ ಮಾತ್ರ ಬಳಸಲಿಲ್ಲ.

ಮಾತಿನ ಬದಲು ಗಂಟೆಯನ್ನು ಬಳಸಿದೆ. ಮುಂದಿನ ಎತ್ತಿನ ಕೊರಳಗಂಟೆಯ ‘ಘಣ್ ಘಣ್’ ಎಂಬ ಸದ್ದನ್ನು ಮಂಜ ಬರುವ ಪ್ರತಿ ಚೌಕಟ್ಟಿನ ಮೇಲಂಚಿನಲ್ಲಿ ಸಣ್ಣ ಬ್ರಶ್ಶಿನಿಂದ ಬರೆಯುತ್ತಾ ಬಂದೆ. ಕೆಲವು ಕಂತುಗಳಾಗುವಷ್ಟರಲ್ಲಿ ಓದುಗರ ಕಣ್ಣು ಅದನ್ನು ಗಮನಿಸುವುದನ್ನೇ ಬಿಟ್ಟಿತು. ಗುಟ್ಟಿನ ದಾರಿಯಲ್ಲಿ ಹೈದರನ ತುಕಡಿಗೆ ಅವನು ಮುಂದಾಳಾಗುವ ಕಂತಿನಲ್ಲಿ ಮೊದಲ ಚೌಕಟ್ಟಿನಿಂದಲೇ ಆ ಅಕ್ಷರಗಳಿಲ್ಲ. ಎರಡನೆಯ ಚೌಕಟ್ಟಿನ ಮೂಲೆಯಲ್ಲಿ ಗಂಟೆಯ ಬಾಯಿಗೆ ತುರುಕಿದ ಒಣಹುಲ್ಲಿನ ನಾಲ್ಕೆಳೆ ಹೊರಗೆ ಚಾಚಿಕೊಂಡಿದೆ. ಸಾಗರದ ಓದುಗರೊಬ್ಬರು ಹಳೆಯ ಸಂಚಿಕೆಗಳನ್ನೆಲ್ಲ ಹರಡಿಕೊಂಡು ಕುಳಿತು, ‘ಸ್ವಾಮಿ, ಹುಲ್ಲು ನೀವು ಮೊದಲೇ ತೋರಿಸಿದ್ದಿರಲ್ಲ!’ ಎಂದು ಫೋನ್ ಮಾಡಿದರು.

ಬಿದನೂರು ಬಿದ್ದದ್ದು ಬೇಸಿಗೆಯ ಬಾಗಿಲಲ್ಲಿ. ಮಲೆನಾಡೆಂದರೆ ಮಳೆಯೇ ಬರೆಯಬೇಕೆಂಬ ಒತ್ತಾಯ ನನ್ನ ಮೇಲೂ ಇತ್ತು. ಮಳೆಯ ಗೆರೆಗಳು, ಕಂಬಳಿಕೊಪ್ಪೆ ಚಿತ್ರಕ್ಕೆ ಚೆಂದವೂ ಹೌದು. ಆದರೆ ಕೊಪ್ಪೆಯೊಳಗೆ ಮುಖ ಮರೆಸಿ ‘ಇವನ ಮನಸ್ಸಿನಲ್ಲೇನಿದೆಯೋ’ ಎನಿಸುವುದು ಅಗ್ಗದ ಉಪಾಯವೆಂದೇ ನನ್ನ ಅಭಿಪ್ರಾಯ. ಮಂಜ ನಿರ್ಧಾರ ಮಾಡುವ ಕ್ಷಣಗಳಲ್ಲೆಲ್ಲ ಅವನ ಮುಖವನ್ನು ಬೆಳಕಿಗೆ ಒಡ್ಡಿ, ಪೂರ್ತಿಯಾಗಿ ಬರೆದಿದ್ದೇನೆ.

ಪುಟದ ಜಾಗವೂ ಮುಖ್ಯ. ಪ್ರತಿ ಕಂತಿಗೂ ನಾಲ್ಕು ಪುಟ. ಮೊದಲನೆಯದು ಬಲಗಡೆಯೇ ಬರಬೇಕೆಂದು ಸಂಪಾದಕರಿಂದ ಒಪ್ಪಿಗೆ ಪಡೆದಿದ್ದೆ. ಹಾಗಾದರೆ ಓದುಗ ಹಾಳೆ ಮಗುಚುವುದು ಒಂದನೆಯ ಮತ್ತು ಮೂರನೆಯ ಪುಟದ ಕೊನೆಯಲ್ಲಿ. ತಿರುವು ಎರಡನೆಯ ಅಥವಾ ನಾಲ್ಕನೆಯ ಪುಟದ ನೆತ್ತಿಯಲ್ಲಿರಬೇಕು. ಮೂರನೆಯದರಲ್ಲಿಟ್ಟರೆ ಎದುರುಬದುರು ತೆರೆದ ಪುಟಗಳಲ್ಲಿ ಕಣ್ಣು ಮೊದಲೇ ಅಲ್ಲಿಗೆ ಜಾರಿ ಗುಟ್ಟು ರಟ್ಟಾಗುತ್ತದೆ.

ಮಕ್ಕಳೂ ಓದುವ ಪತ್ರಿಕೆಯಾದ್ದರಿಂದ, ಮಂಜ ಒಳ್ಳೆಯವನೋ ಕೆಟ್ಟವನೋ ಎಂದು ಕೊನೆಯಲ್ಲಿ ಒಂದು ಸಾಲು ಹಾಕಿ ಎಂದು ಸಂಪಾದಕರು ಕೇಳಿದರು. ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ವಿಭೀಷಣನ ಅರ್ಥ ಹೇಳುವವರು ಅಣ್ಣನನ್ನು ಬಿಟ್ಟದ್ದು ಧರ್ಮವೆಂದು ವಾದಿಸುವುದನ್ನೂ, ರಾವಣನ ಅರ್ಥ ಹೇಳುವವರು ಅದು ಮನೆಮುರುಕತನವೆಂದು ಸಾಧಿಸುವುದನ್ನೂ ನಮ್ಮೂರ ಮಕ್ಕಳು ಒಂದೇ ಕೂಟದಲ್ಲಿ ಕೇಳುತ್ತಾರೆ, ಅವರಿಗೇನೂ ಆಗಿಲ್ಲ ಎಂದೆ. ಸಾಲು ಹಾಕಲಿಲ್ಲ.

ಎಷ್ಟು ಸಲ ಪಕ್ಷ ಬದಲಿಸಬಹುದು ಎಂಬುದಕ್ಕೆ ಮಿತಿಯುಂಟು. ಎರಡು ತಿರುವುಗಳಾದ ಮೇಲೆ ಓದುಗ ಮೂರನೆಯದಕ್ಕೆ ಕಾದು ಕುಳಿತಿರುತ್ತಾನೆ, ಕಾದದ್ದು ಬಂದರೆ ಬೆರಗಿಲ್ಲ. ರಾಣಿ ಅರಮನೆಗೆ ಬೆಂಕಿ ಹಚ್ಚಲು ಹೇಳಿ ಬಲ್ಲಾಳರಾಯನ ದುರ್ಗಕ್ಕೆ ಓಡಿಹೋದ ಇತಿಹಾಸದ ಘಟನೆಗೆ ಬಂದಾಗ, ದಾರಿ ಬಲ್ಲ ಮಂಜ ಅವಳನ್ನು ಹಿಡಿದುಕೊಡುತ್ತಾನೆಂದು ಎಲ್ಲರೂ ನಿಶ್ಚಯಿಸಿಕೊಂಡಿದ್ದರು. ಅವನು ಹಿಡಿದುಕೊಡಲಿಲ್ಲ, ಕಾಪಾಡಲೂ ಇಲ್ಲ. ಓಡಿಹೋಗುವ ಜನರ ನಡುವೆ ಆಳುಗಳ ಕೂಲಿ ಬಟವಾಡೆ ಮಾಡುತ್ತಾ ಕುಳಿತ. ಓದುಗರಿಂದ ಅತಿ ಹೆಚ್ಚು ಪತ್ರ ಬಂದದ್ದು ಈ ಕಂತಿಗೆ, ಅರ್ಧಕ್ಕರ್ಧ ಸಿಟ್ಟಿನವು.

ಈಗ 1783ರ ಭಾಗ ನಡೆಯುತ್ತಿದೆ. ಹೈದರನೇ ಸಾಕಿ ಬೆಳೆಸಿದ ಅಯಾಜ್, ಹೈದರ್ ಸತ್ತ ಕೆಲವೇ ವಾರಗಳಲ್ಲಿ ಬಿದನೂರನ್ನು ಇಂಗ್ಲಿಷರ ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿದ ವರ್ಷವದು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದ. ಮಂಜನಿಗೆ ವಯಸ್ಸಾಗಿದೆ. ಗಂಟೆಯ ಗುಟ್ಟು ಓದುಗರಿಗೆ ತಿಳಿದುಹೋಗಿರುವುದರಿಂದ ಅವರು ಪ್ರತಿ ಚೌಕಟ್ಟಿನ ಮೇಲಂಚನ್ನೇ ಮೊದಲು ನೋಡುತ್ತಾರೆ; ಅದಕ್ಕೇ ಈ ಸಲ ಗಂಟೆ ನಿಲ್ಲದೆ ಬಾರಿಸುವಂತೆ ಬರೆಯುತ್ತಿದ್ದೇನೆ, ಆ ಎತ್ತನ್ನು ನಡೆಸುತ್ತಿರುವವನು ಮಂಜನಲ್ಲ.