ಬಿಯರಿನ ರುಚಿಯನ್ನು ಹುಡುಕಿದ ಬಗೆ: ನನ್ನ ಅನುಭವ

ಕಾಸರಗೋಡಿನ ಸೆಕೆಯಲ್ಲಿ ಬಿಯರ್ ಎಂದರೆ ಮೊದಲು ತಂಪು, ಆಮೇಲೆ ಅಮಲು. ರುಚಿಯ ಮಾತು ಬರುವುದು ಅಪರೂಪ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಹಾಗೆಯೇ ಎತ್ತಿ ಕುಡಿಯುವವರಿಗೆ ಎಲ್ಲ ಬಿಯರೂ ಒಂದೇ ಎನ್ನಿಸುವುದು ಸಹಜ, ಏಕೆಂದರೆ ಅತಿಯಾದ ತಂಪು ನಾಲಿಗೆಯನ್ನು ಮರಗಟ್ಟಿಸುತ್ತದೆ, ಪರಿಮಳವನ್ನೂ ಮೇಲೇಳಲು ಬಿಡುವುದಿಲ್ಲ. ಹೀಗಾಗಿ ಬಗೆಬಗೆಯ ಬಿಯರುಗಳ ರುಚಿ ನೋಡಬೇಕೆನ್ನುವವರಿಗೆ ನಾನು ಮೊದಲು ಹೇಳುವುದು, ಬಾಟಲಿಯನ್ನು ಹೊರಗಿಟ್ಟು ಸ್ವಲ್ಪ ಕಾಯಿರಿ ಎಂದು. ನಮ್ಮ ಸೆಕೆಗೆ ಲಾಗರ್ (ತಂಪಿನಲ್ಲಿ ಹುದುಗಿಸಿದ ಬಿಯರ್) ಹೆಚ್ಚು ಹೊತ್ತು ಕಾಯಬೇಕಾಗಿಲ್ಲ. ಗೋಧಿಯ ಬಿಯರಿಗೆ ಇನ್ನೂ ತುಸು ಸಮಯ ಬೇಕು. ಸ್ಟೌಟ್‌ನಂತಹ ಕಪ್ಪು ಬಿಯರ್ 10ರಿಂದ 12 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆಯೇ ಹುರಿದ ಬಾರ್ಲಿಯ ಕಹಿಯನ್ನೂ ಅದರ ಹಿಂದಿನ ಕಾಫಿಯ ವಾಸನೆಯನ್ನೂ ಬಿಟ್ಟುಕೊಡುತ್ತದೆ.

1516ರ ಬವೇರಿಯಾದ ಕಾನೂನು ಬಿಯರಿಗೆ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂ), ನೀರು ಎಂಬ ಮೂರನ್ನು ಮಾತ್ರ ಹೆಸರಿಸಿತ್ತು. ಹುದುಗು ಬರಿಸುವ ಸೂಕ್ಷ್ಮಜೀವಿಯಾದ ಯೀಸ್ಟಿನ ಉಲ್ಲೇಖವೇ ಅದರಲ್ಲಿರಲಿಲ್ಲ. ಆದರೆ ಒಂದು ಬಿಯರಿಗೂ ಇನ್ನೊಂದಕ್ಕೂ ನನಗೆ ಕಂಡ ದೊಡ್ಡ ವ್ಯತ್ಯಾಸಗಳೆಲ್ಲ ಬಹುಮಟ್ಟಿಗೆ ಯೀಸ್ಟಿನಿಂದಲೇ ಹುಟ್ಟಿದವು. ಲಾಗರ್ ಯೀಸ್ಟ್ ತಂಪಿನಲ್ಲಿ, ನಿಧಾನವಾಗಿ ಕೆಲಸ ಮಾಡಿ ತನ್ನ ಗುರುತನ್ನು ಹೆಚ್ಚು ಉಳಿಸದೆ ಹೋಗುತ್ತದೆ. ಏಲ್ ಎಂಬ ಇನ್ನೊಂದು ಬಗೆಯ ಬಿಯರಿನ ಯೀಸ್ಟ್ ಬೆಚ್ಚಗೆ, ಬೇಗನೆ ಹುದುಗಿಸಿ ಹಣ್ಣಿನ ಮತ್ತು ಸಾಂಬಾರ ಪದಾರ್ಥಗಳ ವಾಸನೆಗಳನ್ನು ಉಳಿಸುತ್ತದೆ. ಇದನ್ನು ಓದಿ ತಿಳಿಯುವುದಕ್ಕಿಂತ ಎರಡು ಗ್ಲಾಸುಗಳನ್ನು ಪಕ್ಕಪಕ್ಕದಲ್ಲಿಟ್ಟು ತಿಳಿಯುವುದು ಸುಲಭ. ಆದ್ದರಿಂದ ನಾನು ಯಾವ ಬಿಯರನ್ನೂ ಒಂಟಿಯಾಗಿ ಪರೀಕ್ಷಿಸುವುದಿಲ್ಲ; ಮೊದಲು ಕಿಂಗ್‌ಫಿಷರ್ ಪ್ರೀಮಿಯಮ್‌ನಂತಹ ತಿಳಿ ಲಾಗರ್, ಪಕ್ಕದಲ್ಲಿ ಏಲ್ ಯೀಸ್ಟಿನಿಂದಾದ ಗೋಧಿಯ ಬಿಯರ್. ನಡುವೆ ನೀರು ಕುಡಿದು, ಗ್ಲಾಸಿನ ಮೇಲೆ ಮೂಗಿಟ್ಟು, ಆಮೇಲೆ ಗುಟುಕರಿಸುತ್ತೇನೆ.

ನನಗೆ ಅತ್ಯಂತ ಪ್ರಿಯವಾದದ್ದು ಗೋಧಿಯ ಬಿಯರೇ. ಅದರಲ್ಲಿ ಎರಡು ಮನೆತನಗಳಿವೆ. ಜರ್ಮನಿಯ ಹೆಫೆವೈಸನ್‌ನಲ್ಲಿ ಬಾಳೆಹಣ್ಣು ಮತ್ತು ಲವಂಗದ ವಾಸನೆಯಿದೆ, ಆದರೆ ಬಾಳೆಹಣ್ಣನ್ನಾಗಲೀ ಲವಂಗವನ್ನಾಗಲೀ ಯಾರೂ ಅದಕ್ಕೆ ಹಾಕಿರುವುದಿಲ್ಲ. ಎರಡೂ ಯೀಸ್ಟಿನ ಸೃಷ್ಟಿ. ಬೆಲ್ಜಿಯಮ್ಮಿನ ವಿಟ್‌ಬಿಯರಿಗಾದರೋ ಕೊತ್ತಂಬರಿ ಬೀಜವನ್ನೂ ಒಣಗಿಸಿದ ಕಿತ್ತಳೆ ಸಿಪ್ಪೆಯನ್ನೂ ನಿಜವಾಗಿಯೇ ಹಾಕುತ್ತಾರೆ. ಹೂಗಾರ್ಡನ್ ಎಂಬ ಊರಿನಲ್ಲಿ ನಿಂತೇ ಹೋಗಿದ್ದ ಈ ಬಗೆಯ ತಯಾರಿಕೆಯನ್ನು 1966ರಲ್ಲಿ ಪಿಯರ್ ಸೆಲಿಸ್ ಮತ್ತೆ ಆರಂಭಿಸಿದರು, ಆ ಊರಿನ ಹೆಸರಿನ ಬಿಯರ್ ಇಂದು ನಮ್ಮ ದೇಶದಲ್ಲೂ ಸಿಗುತ್ತದೆ. ಕೊತ್ತಂಬರಿಯನ್ನು ದಿನವೂ ಹುರಿದು ಅರೆಯುವ ಮನೆಗಳಿಂದ ಬಂದ ನಮಗೆ ಅದರ ವಾಸನೆಯನ್ನು ಹಿಡಿಯುವುದು ಕಷ್ಟವಲ್ಲ. ಎರಡು ಕಾಳು ಜಗಿದು ಕುಡಿದರೆ ಅದು ಎಲ್ಲಿ ಅಡಗಿದೆಯೆಂದು ಕೂಡಲೇ ತಿಳಿಯುತ್ತದೆ.

ಇವುಗಳನ್ನು ಗ್ಲಾಸಿಗೆ ಹೊಯ್ಯುವುದಕ್ಕೂ ಒಂದು ಕ್ರಮವಿದೆ. ಗ್ಲಾಸನ್ನು ವಾಲಿಸಿ ಮುಕ್ಕಾಲು ಪಾಲು ನಿಧಾನವಾಗಿ ಹೊಯ್ದು ನಿಲ್ಲಿಸಬೇಕು. ಬಾಟಲಿಯ ತಳದಲ್ಲಿ ಉಳಿದ ಬಿಯರನ್ನು ಮೆಲ್ಲನೆ ತಿರುಗಿಸಿದಾಗ ಅಲ್ಲಿ ಕುಳಿತಿದ್ದ ಯೀಸ್ಟಿನ ಮಡ್ಡಿ ಮೇಲೆದ್ದು ಮೋಡದಂತೆ ಹರಡುತ್ತದೆ. ಅದನ್ನು ಕೊನೆಗೆ ಸುರಿದಾಗ ತಿಳಿಹಳದಿ ಬಣ್ಣ ಮಸುಕಾಗಿ, ನೊರೆ ದಪ್ಪಗೆ ಏರಿ ನಿಲ್ಲುತ್ತದೆ. ಮಡ್ಡಿಯೆಂದು ಅದನ್ನು ಬಾಟಲಿಯಲ್ಲೇ ಬಿಡುವವರನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಜೊತೆಗೆ ತಿನ್ನುವುದಕ್ಕೆ ನಮ್ಮ ಜಿಲ್ಲೆಯೇ ಉತ್ತರ ಕೊಡುತ್ತದೆ. ಪಡನ್ನದ ಹಿನ್ನೀರಿನಲ್ಲಿ ಬೆಳೆಸುವ ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿಯನ್ನು ಹೆಚ್ಚು ಖಾರವಿಲ್ಲದೆ ಆವಿಯಲ್ಲಿ ಬೇಯಿಸಿ ವಿಟ್‌ಬಿಯರ್ ಜೊತೆ ತಿಂದರೆ ಬೇರೇನೂ ಬೇಡ. ಬೆಲ್ಜಿಯಮ್ಮಿನವರೂ ಇದನ್ನೇ ಹೋಲುವ ಚಿಪ್ಪುಜೀವಿಯನ್ನು ಬಿಯರಿನೊಂದಿಗೆ ಇಷ್ಟಪಟ್ಟು ತಿನ್ನುತ್ತಾರೆ. ಕೆಂಪು ಮಸಾಲೆ ಹಚ್ಚಿ ಹುರಿದ ಬಂಗುಡೆಗೆ ತಿಳಿ ಲಾಗರ್ ಸಾಕು. ಹಾಪ್ಸಿನ ಕಹಿ ಹೆಚ್ಚಿರುವ ಐಪಿಎಯನ್ನು (ಇಂಡಿಯಾ ಪೇಲ್ ಏಲ್) ಮಾತ್ರ ಖಾರದ ಊಟಕ್ಕೆ ಇಡಬೇಡಿ, ಕಹಿಯೂ ಖಾರವೂ ಒಂದನ್ನೊಂದು ಕೆರಳಿಸುತ್ತವೆ.

ತಾಜಾ ಬಿಯರಿಗಾಗಿ ನಾನು ರೈಲು ಹತ್ತಿ ಮಂಗಳೂರಿಗೆ ಹೋಗುತ್ತೇನೆ. ಅಲ್ಲಿನ ಮೈಕ್ರೋಬ್ರೂವರಿಯಲ್ಲಿ, ಅಂದರೆ ಬಿಯರನ್ನು ಸಣ್ಣ ಪ್ರಮಾಣದಲ್ಲಿ ತಾನೇ ತಯಾರಿಸಿ ಕೊಡುವಲ್ಲಿ, ಸಣ್ಣ ಗ್ಲಾಸುಗಳಲ್ಲಿ ನಾಲ್ಕಾರು ಬಗೆಗಳನ್ನು ಒಟ್ಟಿಗೆ ಕೊಡುತ್ತಾರೆ. ಕುಡಿದವನು ಗಾಡಿ ಓಡಿಸುವ ಪ್ರಶ್ನೆಯೂ ಇಲ್ಲ. ಗಡಿಯಾಚೆಯ ಮದ್ಯವನ್ನು ಇತ್ತ ತರಲು ಅಬಕಾರಿ ಕಾನೂನು ಅಡ್ಡವಿರುವುದರಿಂದ ಕುಡಿಯುವುದನ್ನು ಅಲ್ಲಿಯೇ ಕುಡಿದು, ನೆನಪನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು ತರುತ್ತೇನೆ.

ಯುರೋಪಿನಲ್ಲಿ ಕೆಲಸದಲ್ಲಿರುವ ಭಾವ ಒಮ್ಮೆ ಊರಿಗೆ ಬರುವಾಗ ವಿಮಾನ ಪ್ರಯಾಣಿಕರಿಗೆ ಅನುಮತಿಯಿರುವ 2 ಲೀಟರಿನ ಮಿತಿಯೊಳಗೆ ಗೂಜ್ ಎಂಬ ಬಿಯರಿನ ಬಾಟಲಿಯನ್ನು ತಂದಿದ್ದರು. ಬ್ರಸೆಲ್ಸಿನ ಸುತ್ತಮುತ್ತ ಮಾಡುವ ಈ ಬಿಯರಿಗೆ ಯೀಸ್ಟನ್ನು ಹಾಕುವುದಿಲ್ಲ. ಕುದಿಸಿದ ಧಾನ್ಯದ ರಸವನ್ನು ರಾತ್ರಿಯಿಡೀ ತೆರೆದಿಟ್ಟು, ಗಾಳಿಯ ಮತ್ತು ಮರದ ಪೀಪಾಯಿಯ ಸೂಕ್ಷ್ಮಜೀವಿಗಳಿಗೇ ಕೆಲಸವನ್ನು ಒಪ್ಪಿಸುತ್ತಾರೆ, ಆಮೇಲೆ ಎಳೆಯದನ್ನೂ ಎರಡು ಮೂರು ವರ್ಷ ಹಳೆಯದನ್ನೂ ಬೆರೆಸಿ ಬಾಟಲಿಗೆ ತುಂಬುತ್ತಾರೆ. ಮೊದಲ ಗುಟುಕಿಗೆ ಭಾವನ ಮುಖ ಹುಳಿಯಾಯಿತು, ನನಗೆ ಮಾತ್ರ ಆ ಹುಳಿ ಹೊಸದೆನಿಸಲಿಲ್ಲ. ಮೂರ್ತೆದಾರರು ಬೆಳಗ್ಗೆ ಇಳಿಸಿದ ತೆಂಗಿನ ಕಳ್ಳು ಸಂಜೆಗೆ ಏರುವ ಹುಳಿಗೆ ಅದು ಹತ್ತಿರದ್ದು, ಏಕೆಂದರೆ ಅಲ್ಲಿಯೂ ದುಡಿಯುವುದು ಕಾಡು ಯೀಸ್ಟ್ ಮತ್ತು ಹುಳಿ ಬರಿಸುವ ಬ್ಯಾಕ್ಟೀರಿಯಾಗಳೇ. ಒಳ್ಳೆಯ ಕಳ್ಳಿನ ರುಚಿ ಬಲ್ಲವರು ಹುಳಿ ಬಿಯರಿಗೆ ಹೆದರಬೇಕಾಗಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಕೊಳ್ಳುವಾಗ ತಯಾರಿಕೆಯ ದಿನಾಂಕವನ್ನು ನೋಡಿ ಹೊಸದನ್ನೇ ಆರಿಸಿರಿ. ಹಸಿರು ಅಥವಾ ಬಣ್ಣವಿಲ್ಲದ ಗಾಜಿನ ಬಾಟಲಿ ಬೆಳಕಿನಲ್ಲಿ ಇದ್ದುದಾದರೆ ಬೇಡ. ಬೆಳಕು ತಗುಲಿದ ಹಾಪ್ಸ್ ಕೆಟ್ಟ ವಾಸನೆ ಬೀರುತ್ತದೆ, ಕಂದು ಗಾಜು ಅದನ್ನು ಬಹಳಷ್ಟು ತಡೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಸ್ಟ್ರಾಂಗ್ ಬಿಯರಿನಲ್ಲಿ ಆಲ್ಕೋಹಾಲ್ ಶೇ. 8ರವರೆಗೂ ಇರಬಹುದಾದ್ದರಿಂದ ರುಚಿ ನೋಡುವ ದಿನ ಅದನ್ನು ಬದಿಗಿಟ್ಟು, 650 ಮಿಲಿಲೀಟರಿನ ಒಂದು ಸಾದಾ ಬಾಟಲಿಯನ್ನು ಇಬ್ಬರು ಮೂವರು ಹಂಚಿಕೊಂಡರೆ ಎರಡನೆಯ ಬಗೆಯನ್ನು ತೆರೆಯುವಾಗಲೂ ನಾಲಿಗೆ ಎಚ್ಚರವಾಗಿರುತ್ತದೆ.