ಊರಿನ ವರದಿಗಾರರ ಬದುಕನ್ನು ದಾಖಲಿಸುವುದು ಹೇಗೆ

ನಾನು ದಾವಣಗೆರೆಯ ಪ್ರೆಸ್ಸೊಂದರಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದವನು. ಊರಿನ ವರದಿಗಾರರ ಕೈಬರಹ ನನಗೆ ಇವತ್ತಿಗೂ ಗುರುತು. ಯಾರ ‘ಳ’ ಎತ್ತ ವಾಲುತ್ತದೆ, ಯಾರು ಪೂರ್ಣವಿರಾಮವನ್ನೇ ಹಾಕುವುದಿಲ್ಲ, ಎಲ್ಲ ನೆನಪಿದೆ. ಅವರು ಬರೆದದ್ದರಲ್ಲಿ ಬಹುಪಾಲು ‘ನಮ್ಮ ವರದಿಗಾರರಿಂದ’ ಎಂದೇ ಅಚ್ಚಾಯಿತು, ಹೆಸರು ಬರಲಿಲ್ಲ. ಹಾಗಾಗಿ ಹಿರಿಯ ವರದಿಗಾರರೊಬ್ಬರ ಬದುಕನ್ನು ಬರೆದಿಡಲು ಹೊರಟವರು ಮೊದಲು ಮಾಡಬೇಕಾದ್ದು, ಯಾವ ಸುದ್ದಿ ಅವರದು ಎಂದು ಪತ್ತೆ ಹಚ್ಚುವುದು.

ಮನೆಗೆ ಬೇಗ ಹೋಗಿ. ಅವರು ತೀರಿಕೊಂಡಿದ್ದರೆ ಇನ್ನೂ ಬೇಗ. ಸುಣ್ಣಬಣ್ಣದ ಮಾತು ಬಂದ ಕೂಡಲೇ ಅಟ್ಟದ ಮೇಲಿನ ಫೈಲುಗಳು ರದ್ದಿಗೆ ಹೋಗುತ್ತವೆ. ಸನ್ಮಾನದ ಫೋಟೋಗಳನ್ನು ಮನೆಯವರೇ ಜೋಪಾನ ಮಾಡಿರುತ್ತಾರೆ. ನೀವು ಕೇಳಬೇಕಾದ್ದು ಡೈರಿ, ಕತ್ತರಿಸಿಟ್ಟ ಸುದ್ದಿ, ಪತ್ರಿಕಾ ಕಚೇರಿಗೆಂದು ಬಸ್ಸಿಗೆ ಹಾಕಿದ ಸುದ್ದಿ ಕವರಿನ ಕಾರ್ಬನ್ ಪ್ರತಿ. ಕಾರ್ಬನ್ ಪ್ರತಿಯನ್ನು ಅಚ್ಚಾದ ಸುದ್ದಿಯ ಪಕ್ಕ ಇಟ್ಟು ನೋಡಿದರೆ, ಹೆಸರಿಲ್ಲದ ಸುದ್ದಿ ಯಾರದ್ದೆಂದು ತಿಳಿಯುತ್ತದೆ, ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಏನನ್ನು ಕತ್ತರಿಸಿದರು ಎಂಬುದೂ ಕಾಣುತ್ತದೆ.

ಹಳೆಯ ನ್ಯೂಸ್‌ಪ್ರಿಂಟ್ ಮಡಿಕೆಯಲ್ಲೇ ಮುರಿಯುತ್ತದೆ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಶನ್ ಖಂಡಿತ ಬೇಡ. ಕಿಟಕಿ ಪಕ್ಕ ಮೇಜಿನ ಮೇಲೆ ಹರಡಿ, ಫ್ಲ್ಯಾಶ್ ಇಲ್ಲದೆ ಎರಡೂ ಬದಿ ಫೋಟೋ ತೆಗೆಯಿರಿ.

ಎರಡೂ ಬದಿ ಏಕೆಂದರೆ, ಕತ್ತರಿಸಿಟ್ಟ ತುಣುಕಿನಲ್ಲಿ ಇಸವಿ ಇರುವುದೇ ಅಪರೂಪ. ‘ದಾವಣಗೆರೆ, ಮಾ. 12’ ಎಂದಿದ್ದರೆ ಅದು ಸುದ್ದಿ ಕಳಿಸಿದ ದಿನ. ಪತ್ರಿಕೆ ಮರುದಿನದ್ದೋ ಆಮೇಲಿನದ್ದೋ ಆಗಿರುತ್ತದೆ. ಹಿಂಬದಿಯ ಸಿನಿಮಾ ಜಾಹೀರಾತು, ಹತ್ತಿ ಧಾರಣೆ ಇಸವಿ ಹಿಡಿಯಲು ನೆರವಾಗುತ್ತವೆ. ಜಿಲ್ಲೆಯ ಹೆಸರು ಇನ್ನೂ ಒಳ್ಳೆಯ ಸುಳಿವು. ‘ಚಿತ್ರದುರ್ಗ ಜಿಲ್ಲೆ ಹರಿಹರ’ ಎಂದಿದ್ದರೆ ಅದು 1997ರ ಆಗಸ್ಟ್ 15ಕ್ಕಿಂತ ಹಿಂದಿನದು. ದಾವಣಗೆರೆ ಜಿಲ್ಲೆಯಾದದ್ದು ಅಂದು. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗಕ್ಕೆ ಸೇರಿದ್ದವು. ‘ದಾವಣಗೆರೆ ಜಿಲ್ಲೆ ಹರಪನಹಳ್ಳಿ’ ಎಂದು ಕಂಡರೆ 1997ರಿಂದ 2018ರ ನಡುವಿನದು, ಆಮೇಲೆ ಆ ತಾಲ್ಲೂಕು ಬಳ್ಳಾರಿಗೆ ಮರಳಿತು.

ಅವರೇ ಪತ್ರಿಕೆ ನಡೆಸಿದ್ದರೆ ಪುಟದ ಅಡಿಯ ಸಣ್ಣಕ್ಷರದ ಸಾಲನ್ನು ಬಿಡಬೇಡಿ. ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು, ಅಚ್ಚಾದ ಸ್ಥಳ ಅಲ್ಲಿರಬೇಕೆಂಬುದು 2024ರವರೆಗೆ ಜಾರಿಯಲ್ಲಿದ್ದ 1867ರ ಪತ್ರಿಕೆ, ಪುಸ್ತಕ ನೋಂದಣಿ ಕಾಯ್ದೆಯ ಕಟ್ಟಳೆಯಾಗಿತ್ತು. ಪತ್ರಿಕೆ ಶುರು ಮಾಡುವಾಗ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆಯನ್ನೂ ಮಾಡಬೇಕಿತ್ತು. 1997ಕ್ಕೆ ಹಿಂದಿನ ಘೋಷಣೆ ಹುಡುಕುವವರು ಜಿಲ್ಲಾ ಮ್ಯಾಜಿಸ್ಟ್ರೇಟರೂ ಆಗಿರುವ ಡಿಸಿಯ ಇಲ್ಲಿನ ಕಚೇರಿಯಷ್ಟೇ ಅಲ್ಲ, ಚಿತ್ರದುರ್ಗದಲ್ಲೂ ವಿಚಾರಿಸಬೇಕು.

ಮಾತಿಗೆ ಕೂರುವಾಗ ಫ್ಯಾನ್ ಆರಿಸಿ, ಫೋನಿನ ರೆಕಾರ್ಡರ್ ಹಾಕಿ, ಒಂದು ತುಣುಕನ್ನು ಅವರ ಕೈಗೆ ಕೊಡಿ. ‘ನಿಮ್ಮ ಸಾಧನೆ ಹೇಳಿ ಸಾರ್’ ಅಂದರೆ ಭಾಷಣ ಬರುತ್ತದೆ. ‘ಈ ಕವರ್ ಯಾವ ಬಸ್ಸಿಗೆ ಹಾಕಿದ್ರಿ ಸಾರ್, ಯಾರು ಇಸ್ಕೊಂಡ್ರು?’ ಅಂದರೆ ಆ ಸಂಜೆಯೇ ಬಿಚ್ಚಿಕೊಳ್ಳುತ್ತದೆ. ಅಚ್ಚಾದ ಸುದ್ದಿಯ ಕಾಲಂ ಉದ್ದ ಅಳೆದು ಎಷ್ಟು ಹಣ ಕೊಡುತ್ತಿದ್ದರು, ಮನೆ ಖರ್ಚು ಹೇಗೆ ನಡೆಯಿತು ಎಂದೂ ಕೇಳಿ. ಅದನ್ನು ಅವರ ಹೆಂಡತಿ ಹೆಚ್ಚು ಸರಿಯಾಗಿ ಹೇಳುತ್ತಾರೆ, ಆ ಅಮ್ಮನನ್ನೂ ಕೂರಿಸಿ ಮಾತಾಡಿಸಿ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತು ಪರಿಸ್ಥಿತಿಯಲ್ಲಿ ಕೆಲಸ ಮಾಡಿದವರಾದರೆ, ಸೆನ್ಸಾರ್‌ಗೆ ಸಿಕ್ಕಿ ಅಚ್ಚಾಗದೆ ಉಳಿದದ್ದೇನು ಎಂದು ಕೇಳಲೇಬೇಕು. ಜೊತೆಗೆ, ಅವರ ಪ್ರತಿಯನ್ನು ಓದಿ ಮೊಳೆ ಜೋಡಿಸಿದವರು, ಪ್ರೂಫ್ ತಿದ್ದಿದವರು ಇನ್ನೂ ಇದ್ದರೆ ಅವರ ಬಳಿಯೂ ಹೋಗಿ. ನಮ್ಮಂಥವರನ್ನು ಯಾರೂ ಕೇಳುವುದಿಲ್ಲ, ಗೊತ್ತಿರುವುದು ಬಹಳ ಇರುತ್ತದೆ.

ನೆನಪು ತಾರೀಖು ತಪ್ಪುತ್ತದೆ. ಹೇಳಿದ್ದನ್ನು ಹಳೆಯ ಸಂಚಿಕೆಯೊಂದಿಗೆ ತಾಳೆ ನೋಡಿ. ಆರೋಪಿ ಎಂದು ಸುದ್ದಿಯಾಗಿ ಮುಂದೆ ಖುಲಾಸೆಯಾದವರು ಇದೇ ಊರಿನಲ್ಲಿ ಬದುಕುತ್ತಿದ್ದಾರೆ, ನಿಮ್ಮ ಬರಹದಲ್ಲಿ ಅವರ ಹೆಸರು ಕೈಬಿಡಿ. ಬರೆದು ಮುಗಿದ ಮೇಲೆ ವರದಿಗಾರರಿಗೋ ಮಕ್ಕಳಿಗೋ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಮೂಲ ಕಾಗದ ಮನೆಯವರಿಗೇ ವಾಪಸ್ ಕೊಡಿ, ನಕಲೊಂದನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ತಲುಪಿಸಿ.